ಎರಡು ಚುಕ್ಕೆಯ ತೋಟೆ

"ಇದು ಚಿನ್ನ ಅಲ್ವಲ್ಲ ಸಾರ್."

"ಅಲ್ಲ ಆಚಾರ್ರೇ. ಆದ್ರೂ ತೂಗಿ."

ಲಗ್ಗೆರೆಯ ಆ ಅಕ್ಕಸಾಲಿಗರ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವನು ಬಾಗಿಲಲ್ಲೇ ನಿಲ್ಲಬೇಕು. ಹಾಗೆ ನಿಂತಿದ್ದವನು ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೈರಪ್ಪ. ಆಚಾರ್ರು ಚಿಮಟದಲ್ಲಿ ಗುಂಡನ್ನೆತ್ತಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಗೆ ಇಟ್ಟರು. ಅದು ಎಲ್ಲಿಂದ ಬಂತೆಂದು ನಾನು ಹೇಳಲಿಲ್ಲ. ಹೇಳಿದ್ದರೆ ಪಾಪ, ಅಂಗಡಿ ಮುಚ್ಚಿ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು.

ಅದು ಬಾಲಾಜಿಯ ಎದೆಯಿಂದ ತೆಗೆದ ಗುಂಡು.

ಬಾಲಾಜಿ ಪೀಣ್ಯದಲ್ಲಿ ಟರ್ನರ್, ಕಾರ್ಖಾನೆಯ ಲೇತು ನಡೆಸುವವನು. ಭಾನುವಾರ ಬೆಳಕು ಹರಿಯುವ ಹೊತ್ತಿನಲ್ಲಿ, ರಾಗಿ ಹೊಲಕ್ಕೆ ನುಗ್ಗುವ ಹಂದಿ ಕಾಯಲು ಕೂತಿದ್ದ ಅವನ ಅಪ್ಪ ಹನುಮಂತಯ್ಯ, ಲಂಟಾನ ಪೊದೆ ಅಲುಗಿದ್ದು ನೋಡಿ ಗುಂಡು ಹಾರಿಸಿದ್ದ. ಪೊದೆಯ ಹಿಂದೆ ಬಿದ್ದಿದ್ದು ಹಂದಿಯಲ್ಲ, ಮಗ. ಪಕ್ಕದಲ್ಲಿ ಒಂದು ಈಟಿ. ಆ ಮುದುಕ ರೈಫಲ್ಲನ್ನು ಹೆಗಲಿಗೆ ಹಾಕಿಕೊಂಡು ತಾನೇ ಠಾಣೆಗೆ ನಡೆದು ಬಂದು, "ನನ್ ಮಗನ್ನ ನಾನೇ ಒಡ್ದಾಕ್ಬಿಟ್ಟೆ ಸ್ವಾಮಿ" ಅಂದು ನೆಲಕ್ಕೆ ಕೂತುಬಿಟ್ಟ. ಅಲ್ಲಿಗೆ ಕೇಸು ಮುಗಿಯಿತು ಎಂದು ನಮ್ಮ ಮೇಲಿನವರು ಅಂದುಕೊಂಡರು. ಅವರಿಗೆ ಮುಗಿಸುವುದರಲ್ಲಿ ಇರುವಷ್ಟು ಆಸಕ್ತಿ ನೋಡುವುದರಲ್ಲಿ ಇರುವುದಿಲ್ಲ.

"ಹದಿಮೂರೂವರೆ ಗ್ರಾಂ," ಅಂದರು ಆಚಾರ್ರು.

"ಈಗ ಇದನ್ನ ತೂಗಿ."

ಎರಡನೆಯ ಗುಂಡು ಹನುಮಂತಯ್ಯನ ಚೀಲದ್ದು. ಆ ಚೀಲದಲ್ಲಿ ಉಳಿದಿದ್ದ ತೋಟೆಗಳಲ್ಲಿ ಒಂದನ್ನು ಬೆಳಿಗ್ಗೆ ಠಾಣೆಯಲ್ಲೇ ಇಕ್ಕಳ ಹಾಕಿ ಬಿಚ್ಚಿದ್ದೆ. ತೋಟೆ ಅಂದರೆ ಇಡೀ ಸಾಮಾನು: ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ಮೂತಿಯಲ್ಲಿ ಗುಂಡು. ಕುದುರೆ ಎಳೆದಾಗ ಹಾರುವುದು ಗುಂಡು ಮಾತ್ರ, ಖಾಲಿ ಕೊಳವೆ ರೈಫಲ್ಲಿನಲ್ಲೇ ಉಳಿಯುತ್ತದೆ.

"ಇದು ಹತ್ತು ಗ್ರಾಮೂ ಇಲ್ಲ ಸಾರ್. ಒಂಬತ್ತೂ ಮುಕ್ಕಾಲು."

ಚಿಕ್ಕಬೈರಪ್ಪ ಬಾಗಿಲಿಂದ ತಲೆ ತೂರಿಸಿದ. "ಅದೆಂಗೆ ಸಾರ್? ಮೈಯೊಳಗೆ ಓಗಿದ್ದಕ್ಕೆ ರಕ್ತ ಗಿಕ್ತ ಅಂಟ್ಕಂಡು ತೂಕ ಜಾಸ್ತಿ ಆಗಿರ್ಬೇಕು."

"ತೊಳೆದೇ ತಂದಿದೀನಿ ಕಣಯ್ಯ. ಗುಂಡು ಮೈಯೊಳಗೆ ಹೋದ್ರೆ ಮೂಳೆಗೆ ತಾಗಿ ಸೀಸ ಉದುರುತ್ತೆ. ಸವೆಯುತ್ತೆ. ಒಂಬತ್ತೂ ಮುಕ್ಕಾಲು ಹೋಗಿ ಹದಿಮೂರೂವರೆ ಆಗಿ ಈಚೆ ಬರಲ್ಲ."

ಅವನು ಒಳಗೆ ಬಗ್ಗಿ ತಕ್ಕಡಿಯನ್ನು ತಾನೇ ನೋಡಿದ.

ಎರಡೂ ಗುಂಡುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ದಪ್ಪ ಒಂದೇ, ಒಂದೇ ನಳಿಕೆಗೆ ಹೋಗುವಂಥವು. ಆದರೆ ಎದೆಯಿಂದ ಬಂದದ್ದು ಹಳೆಯ ವಿಲಾಯತಿ ಮಾಲು, ಮೂತಿ ಚಪ್ಪಟೆಯಾಗಿದ್ದರೂ ಮೈ ನುಣುಪು. ಚೀಲದ್ದರ ಮೈಮೇಲೆ ಲೇತಿನ ಉಳಿ ಎಳೆದ ಸಣ್ಣ ಸಣ್ಣ ಗೆರೆಗಳಿದ್ದವು. ಅದು ಕೂತಿದ್ದ ಹಿತ್ತಾಳೆ ಕೊಳವೆಯ ತಳದಲ್ಲಿ ಪಂಚಿನಿಂದ ಹೊಡೆದ ಎರಡು ಚುಕ್ಕೆ. ಚೀಲದ ಎಲ್ಲ ತೋಟೆಗಳ ತಳದಲ್ಲೂ ಅದೇ ಎರಡು ಚುಕ್ಕೆ.

ಹನುಮಂತಯ್ಯನ ರೈಫಲ್ಲಿನಲ್ಲಿ ಉಳಿದಿದ್ದ ಖಾಲಿ ಕೊಳವೆಯನ್ನು ಭಾನುವಾರ ನಾನೇ ಕೈಯಾರೆ ತೆಗೆದಿದ್ದೆ. ಅದು ನನ್ನ ಅಂಗಿ ಜೇಬಿನಲ್ಲಿತ್ತು. ಅದರ ತಳದಲ್ಲೂ ಎರಡು ಚುಕ್ಕೆ.

ಇದನ್ನೆಲ್ಲ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು, ಕಳಿಸುತ್ತೇನೆ. ವರದಿ ಬರುವಷ್ಟರಲ್ಲಿ ರಾಗಿ ಕೊಯ್ಲು ಮುಗಿದಿರುತ್ತದೆ. ಹನುಮಂತಯ್ಯ ಅಲ್ಲಿಯವರೆಗೆ ಇರುತ್ತಾನೆ ಎಂಬ ಧೈರ್ಯ ನನಗಿರಲಿಲ್ಲ. ಠಾಣೆಗೆ ಬಂದಾಗಿನಿಂದ ಆತ ಒಂದು ತೊಟ್ಟು ನೀರನ್ನಷ್ಟೇ ಬಾಯಿಗೆ ಬಿಟ್ಟುಕೊಂಡಿದ್ದ. ಮಗನ ಮಣ್ಣಿಗೂ ಬಂದಿರಲಿಲ್ಲ. ಕರೆದುಕೊಂಡು ಹೋಗಲು ಜೀಪು ನಿಲ್ಲಿಸಿದ್ದೆ. "ಯಾವ ಕೈಲಿ ಮಣ್ಣಾಕ್ಲಿ ಸ್ವಾಮಿ?" ಅಂದು ಗೋಡೆಗೆ ತಿರುಗಿ ಮಲಗಿದ್ದ.

ನಾಳೆ ಹಾಲು ತುಪ್ಪ, ಸಮಾಧಿಗೆ ಹಾಲು ಬಿಡುವ ದಿನ. ಅದಕ್ಕೂ ಬರುವುದಿಲ್ಲ ಎಂದಿದ್ದ.

*

ಇರಣ್ಣನವರ ಕಾರ್ಖಾನೆಯಲ್ಲಿ ಅವತ್ತು ಒಂದು ಲೇತು ಮಾತ್ರ ನಿಂತಿತ್ತು. ಯಾರೋ ಅದಕ್ಕೆ ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿದ್ದರು. ಬಾಲಾಜಿಯ ಲೇತು. ಮಿಕ್ಕವು ಕಿರ್ರೋ ಎನ್ನುತ್ತಿದ್ದವು. ಪೀಣ್ಯದಲ್ಲಿ ಸತ್ತವರಿಗೆ ಒಂದು ಲೇತಿನಷ್ಟು ಮೌನ ಸಿಕ್ಕರೆ ಅದೇ ದೊಡ್ಡದು.

ಇರಣ್ಣ ಗದಗಿನ ಕಡೆಯವರು. ಹಣೆ ತುಂಬ ವಿಭೂತಿ, ದಪ್ಪ ಮೀಸೆ, ಸಣ್ಣಗಾದ ಕಣ್ಣು. ಹಂದಿ ನುಗ್ಗುತ್ತಿದ್ದ ರಾಗಿ ಹೊಲ ಅವರದ್ದೇ, ನಾಗಸಂದ್ರದ ಆಚೆ, ಕಲ್ಲುಗುಡ್ಡದ ಮಗ್ಗುಲಲ್ಲಿ. ಬೆಳೆ ಕಾಯುವ ಲೈಸೆನ್ಸು, ರೈಫಲ್ಲು ಕೂಡ ಅವರದ್ದೇ. ಹನುಮಂತಯ್ಯ ಅವರ ಹೊಲದ ಕಾವಲುಗಾರ.

"ಬರ್ರಿ ಸಾಹೇಬ್ರ, ಕೂಡ್ರಿ. ಏನರ ತಿಳೀತೇನ್ರಿ?"

"ತಿಳ್ಕೊಳ್ಳೋಕೇ ಬಂದೆ. ಗುಂಡಿನ ತೂಕದ ವಿಚಾರ ಸ್ವಲ್ಪ ಹೇಳಿ. ಯಾವ ಪ್ರಾಣಿಗೆ ಯಾವುದು?"

ದುಃಖದಲ್ಲಿದ್ದವರಿಗೂ ತಮ್ಮ ಹುಚ್ಚಿನ ಮಾತು ಬಂದರೆ ಒಂದು ಕ್ಷಣ ಮುಖ ಅರಳುತ್ತದೆ. ಇರಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ನೋಡ್ರಿ, ಅದು ಹುಡುಗಾಟದ ಮಾತಲ್ಲ. ಜಿಂಕಿ, ಚಿಗರಿ ಅಂದ್ರ ತೆಳ್ಳನ ಮೈ, ದೂರ ನಿಲ್ತಾವ. ಅವಕ್ಕ ಹಗುರ ಗುಂಡು. ಜೋರು ಹೋಗ್ತೈತಿ, ನೆಟ್ಟಗ ಹೋಗ್ತೈತಿ, ಒಳಗ ಹೊಕ್ಕ ಕೂಡ್ಲೇ ಅರಳತೈತಿ. ಹಂದಿ ಹಂಗಲ್ಲ. ಅದರ ಹೆಗಲಿಗೆ ದೇವರ ಕೊಟ್ಟ ಗುರಾಣಿ ಐತಿ, ಅಂಥಾ ಚರ್ಮ. ಹಗುರದ್ದು ಅಲ್ಲೇ ಒಡದು ಚೂರಾಗ್ತೈತಿ, ಹಂದಿ ಸಾಯೂದಿಲ್ಲ. ಗಾಯದ ಹಂದಿ ತಿರುಗಿ ಬಂತಂದ್ರ ನಿಮ್ಮ ತೊಡಿ ಸೀಳಿ ಹೋಗ್ತೈತಿ. ಅದಕ್ಕ ಭಾರದ್ದ ಬೇಕು. ನಿಧಾನ ಹೋದ್ರೂ ಆಳಕ್ಕ ಹೋಗ್ತೈತಿ."

"ಇದನ್ನೆಲ್ಲ ಎಲ್ಲಿ ಕಲಿತಿರಿ?"

"ವೈಟ್‌ಫೀಲ್ಡಿನ್ಯಾಗ ಒಬ್ಬ ದೊರಿ ಇದ್ದ, ಆಂಗ್ಲೋ ಇಂಡಿಯನ್ನು. ಬ್ಯಾಟಿ ಬಂದ್ ಆದ ಮ್ಯಾಲ ಆಸ್ಟ್ರೇಲಿಯಾಕ್ಕ ಹೋದ. ಹೋಗೂಮುಂದ ಎರಡೂ ರೈಫಲ್ಲು, ಇದ್ದಷ್ಟು ತೋಟಿ ನನಗ ಕೊಟ್ಟ. ಎಲ್ಲಾ ಭಾರದ್ದು. ಹನುಮಂತಗ ಹಂದಿ ಕಾಯಾಕ ನಾ ಅದನ್ನ ಕೊಡ್ತಿದ್ದೆ. ಒಂದ ಹಗುರದ್ದು ಕೊಟ್ಟಿಲ್ಲ. ಈಗ ನನ್ನ ಹಂತೇಕ ಒಂದೂ ಉಳದಿಲ್ಲ, ಇದ್ದದ್ದೆಲ್ಲಾ ಅವನ ಚೀಲದಾಗ."

"ಸರಿಯಾಗಿ ನೆನಪಿದೆಯಾ?"

"ಹಂದಿಗೆ ಹಗುರ ಗುಂಡು ಕೊಡೂದು ಮನಷ್ಯಾನ್ನ ಕೊಲ್ಲಾಕ ಕಳಿಸಿದಂಗ್ರಿ. ನಾ ಅಂಥಾ ಪಾಪಿ ಅಲ್ಲ."

ನಾನು ಚೀಲದ ತೋಟೆಯೊಂದನ್ನು ಮೇಜಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದೆ. ಇರಣ್ಣ ಕನ್ನಡಕ ಏರಿಸಿ ಬಗ್ಗಿದರು. ಎರಡು ಚುಕ್ಕೆಯ ಮೇಲೆ ಅವರ ಬೆರಳು ನಿಂತಿತು.

"ಇದು ಬಾಲಾಜಿ ಗುರ್ತು."

"ಗುರುತು ಅಂದ್ರೆ?"

"ನಮ್ಮಲ್ಲಿ ಎಲ್ಲಾ ಟರ್ನರಿಗೂ ಒಂದೊಂದು ಪಂಚ್ ಗುರ್ತು ಇರತೈತ್ರಿ. ಮಾಲು ವಾಪಸ್ ಬಂದ್ರ ಯಾರ ಕೈದು ಅಂತ ಗೊತ್ತಾಗಬೇಕಲ್ಲ. ಬಾಲಾಜಿದು ಎರಡು ಚುಕ್ಕಿ. ಅವನ ಮಾಲು ಒಂದೂ ವಾಪಸ್ ಬರಲಿಲ್ಲ." ಅವರ ದನಿ ತಗ್ಗಿತು. "ಇದು ಎಲ್ಲಿ ಸಿಕ್ತು?"

"ಹನುಮಂತಯ್ಯನ ಚೀಲದಲ್ಲಿ. ನೀವು ಕೊಟ್ಟ ಭಾರದ್ದು ಅದರಲ್ಲಿ ಒಂದೂ ಇಲ್ಲ. ಹಳೆ ಖಾಲಿ ಕೊಳವೆಗೆ ಮದ್ದು ತುಂಬಿ, ಲೇತಲ್ಲಿ ಕಡೆದ ಹಗುರ ಗುಂಡು ಕೂರಿಸಿದಾನೆ ಬಾಲಾಜಿ. ಎಲ್ಲವೂ ಹಗುರ. ಹನುಮಂತಯ್ಯ ಹಾರಿಸಿದ್ದೂ ಹಗುರ. ಆದ್ರೆ ಬಾಲಾಜಿ ಎದೆಯಲ್ಲಿ ಇದ್ದದ್ದು ಭಾರದ್ದು."

ಇರಣ್ಣ ತೋಟೆಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಅಂದ್ರ ಹನುಮಂತ ಹೊಡದಿಲ್ಲ?"

"ಇಲ್ಲ. ಹೊಡೆದವನಿಗೆ ಒಂದು ಲೆಕ್ಕ ಇತ್ತು. ಹನುಮಂತಯ್ಯನ ರೈಫಲ್ಲಲ್ಲಿ ಯಾವಾಗಲೂ ಭಾರದ ಗುಂಡು ಇರುತ್ತೆ, ಅದೇ ತರದ್ದು ನಾನೂ ಹಾಕಿದ್ರೆ ಮುದುಕನ ತಲೆಗೆ ಬರುತ್ತೆ ಅಂತ. ಮುದುಕ ಹಾರಿಸೋವರೆಗೆ ಕಾದು, ಗುಡ್ಡದ ಮಾರ್ದನಿಯಲ್ಲಿ ಮುಚ್ಚಿಹೋಗೋ ಹಾಗೆ ಆ ಸದ್ದಲ್ಲೇ ಹಾರಿಸಿದಾನೆ. ಆದ್ರೆ ಮಗ ಗುಂಡು ಬದಲಾಯಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಎರಡನೇ ರೈಫಲ್ ಎಲ್ಲಿದೆ ಇರಣ್ಣನವರೇ?"

"ಮನ್ಯಾಗ. ಅಲಮಾರದಾಗ."

"ಕೀಲಿ?"

"ನನ್ನ ಹಂತೇಕ ಐತಿ." ಸ್ವಲ್ಪ ತಡೆದು, "ಇನ್ನೊಂದು ಅಮರೇಶನ ಹಂತೇಕ. ನನ್ನ ಮಗ."

"ಭಾನುವಾರ ಬೆಳಿಗ್ಗೆ ಅಮರೇಶ್ ಎಲ್ಲಿದ್ರು?"

"ಮಲಗಿದ್ದ."

"ಸುದ್ದಿ ಕೇಳಿ ನೀವು ಹೊಲಕ್ಕೆ ಓಡಿ ಬಂದ್ರಿ. ಅದಕ್ಕೆ ಮೊದಲು ಅವರು ಮಲಗಿದ್ದು ನೋಡಿದ್ರಾ?"

ಹೊರಗೆ ಯಾರೋ ಕಬ್ಬಿಣದ ಸರಳು ಕೆಳಗೆ ಬಿಟ್ಟರು. ಇರಣ್ಣ ಬೆಚ್ಚಿಬಿದ್ದರು. ಅಂಥ ಸದ್ದಿನಲ್ಲೇ ಇಡೀ ಆಯುಷ್ಯ ಕಳೆದ ಮನುಷ್ಯ.

"ಸಾಹೇಬ್ರ, ಒಂದು ಮಾತು ಹೇಳ್ತೀನಿ. ಮುಚ್ಚಿಡಾಕ ನನಗ ಬರೂದಿಲ್ಲ. ಹೋದ ವಾರ ಬಾಲಾಜಿ ಇದ ಕೋಣಿಗೆ ಬಂದಿದ್ದ. 'ಅಮರೇಶಣ್ಣಗ ಊರ ಕಡೆ ಹೆಣ್ಣು ನಿಶ್ಚಯ ಮಾಡೀರಂತ, ಖರೇನಾ?' ಅಂತ ಕೇಳಿದ. ಹೌದಪ್ಪಾ ಅಂದೆ. ಅವನ ಮುಖ ಕೆಂಪಗಾತು. 'ಹಂಗಾದ್ರ ನಿಮ್ಮ ಮಗಗ ಹೇಳ್ರಿ, ನಮ್ಮ ಮನಿ ಕಡೆ ಕಾಲಿಡಬ್ಯಾಡ ಅಂತ' ಅಂದು ಹೋದ. ನನಗ ಅದು ಇವತ್ತಿನ ತನಕ ತಿಳೀಲಿಲ್ಲ."

ಅವರಿಗೆ ಈಗಲೂ ತಿಳಿದಿಲ್ಲ ಎಂದರೆ ನಾನು ನಂಬುವುದಿಲ್ಲ. ತಿಳಿಯಬಾರದು ಎಂದು ಹಟ ಹಿಡಿದಿದ್ದರು, ಅಷ್ಟೇ. ಮಕ್ಕಳ ವಿಷಯಕ್ಕೆ ಬಂದರೆ ಎಂಥ ಬುದ್ಧಿವಂತರೂ ಒಂದು ಕಣ್ಣು ಮುಚ್ಚಿಕೊಂಡೇ ನೋಡುತ್ತಾರೆ.

"ಮನೆಗೆ ಹೋಗಿ ಅಲಮಾರು ತೆಗೆದು ನೋಡಿ. ಠಾಣೆಗೆ ಫೋನ್ ಮಾಡಿ. ಮಗನಿಗೆ ಹೇಳಬೇಡಿ."

ಇರಣ್ಣ ಎದ್ದರು. ಬಾಗಿಲ ಹತ್ತಿರ, ಹಾರ ಹಾಕಿದ ಲೇತಿನ ಮುಂದೆ ನಿಂತು ಕೈಮುಗಿದರು. ತಪ್ಪಾಯಿತು ಅಂದರೋ, ತಪ್ಪಾಗದಿರಲಿ ಅಂದರೋ, ತುಟಿ ಮಾತ್ರ ಅಲುಗಿತು.

*

ನಾಗಸಂದ್ರದ ಹಳೆಯ ಊರೊಳಗೆ ಹನುಮಂತಯ್ಯನ ಮನೆ. ಸುತ್ತಲೂ ಶೆಡ್ಡುಗಳು ಎ‌ದ್ದಿವೆ, ನಡುವೆ ಆ ಒಂದು ನಾಡಹೆಂಚಿನ ಮನೆ ಉಳಿದುಕೊಂಡಿದೆ. ಜಗುಲಿಯ ಮೇಲೆ ಬಾಲಾಜಿಯ ಸೈಕಲ್ಲು ಒರಗಿತ್ತು. ಅದರ ಹಿಂದೆ, ಗೋಡೆಗೆ, ಭಾನುವಾರದಿಂದ ಖಾಲಿಯಾಗಿದ್ದ ಒಂದು ಮೊಳೆ.

ಆ ಮೊಳೆಗೆ ತೂಗುಹಾಕುತ್ತಿದ್ದದ್ದು ಈಟಿ. ಬಾಲಾಜಿಯ ಹೆಣದ ಪಕ್ಕ ಬಿದ್ದಿತ್ತಲ್ಲ, ಅದು. ಅಪ್ಪ ಹಂದಿ ಕಾಯುವಾಗ ಮಗ ಈಟಿ ಹಿಡಿದು ಪೊದೆಯ ಹಿಂದೆ ಯಾಕೆ ಕೂತಿದ್ದ ಎಂಬುದು ಮೊದಲ ದಿನದಿಂದ ನನ್ನ ತಲೆ ಕೊರೆಯುತ್ತಿತ್ತು. ಇರಣ್ಣನವರ ಮಾತು ಕೇಳಿದ ಮೇಲೆ ದಾರಿಯಲ್ಲಿ ಹೊಳೆಯಿತು. ಹೊಳೆದಾಗ ಯಾಕಾದರೂ ಹೊಳೆಯಿತೋ ಅನ್ನಿಸಿತು.

ಅನುಸೂಯಮ್ಮ ಒಲೆ ಮುಂದೆ ಕೂತಿದ್ದರು. ಮಗಳು ವೇಣಿ ಮುದ್ದೆ ಕಟ್ಟಿ ಕ್ಯಾರಿಯರಿಗೆ ಹಾಕುತ್ತಿದ್ದಳು. ಅವಳು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕೆ ಹೋಗುವವಳು, ಬಾಲಾಜಿಗಿಂತ ಚಿಕ್ಕವಳು. ನಾನೂ ಚಿಕ್ಕಬೈರಪ್ಪನೂ ಒಳಗೆ ಬಂದಾಗ ಎದ್ದು ಗೋಡೆಗೆ ಸರಿದಳು.

"ಎರಡು ದಿನದಿಂದ ಕ್ಯಾರಿಯರ್ ಓದಂಗೇ ವಾಪಸ್ ಬತ್ತೈತೆ ಸಾರ್," ಅಂದರು ಅನುಸೂಯಮ್ಮ. "ಮಗ ಓದ. ಇವ್ರೂ ಇಂಗೇ ಉಪಾಸ ಬಿದ್ದು ಓಯ್ತಾರೆ. ನಾಳೆ ಅಪ್ಪ ಬಂದು ಆಲು ಬಿಡ್ದಿದ್ರೆ ನನ್ ಕೂಸು ಎಂಗೆ ದಾರಿ ಕಾಣ್ತದೆ?"

"ಬರ್ತಾರಮ್ಮ. ನಾನು ಕರ್ಕೊಂಡು ಬರ್ತೀನಿ." ಇಂಥ ಮಾತು ಕೊಡಬಾರದು ಎಂದು ನನಗೆ ಗೊತ್ತು. ಆ ಮುಖ ನೋಡಿ ಕೊಡದೆ ಇರಲು ಆಗಲಿಲ್ಲ. "ಒಂದು ಹೇಳಿ. ಬಾಲಾಜಿ ಅಪ್ಪನ ಚೀಲದ ತೋಟೆ ಬದಲಾಯಿಸಿದ್ನಾ?"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೌದೆಂದು ತಲೆ ಆಡಿಸಿದರು.

"ಓದ್ ವರ್ಸ ಅಗಲೊತ್ತು ಕಾರ್ಖಾನೆ ಪ್ರೆಸ್ ಮಿಷನ್ ಕೆಲಸಕ್ಕೂ ಓಗ್ತಿದ್ರು, ಅಲ್ಲಿ ಇವ್ರ ಬಲಗಡೆ ಎಗಲ ಮೂಳೆ ಮುರೀತು ಸಾರ್. ಕೂಡ್ಕಂತು, ಆದ್ರೆ ಕೋವಿ ಆರಿಸಿದಾಗೆಲ್ಲ ಅದು ಒದೆಯೋದು. ನೋವು ಅಂತ ಬಾಯಿ ಬಿಡ್ತಿರ್ಲಿಲ್ಲ. ಎಗಲಿಗೆ ಉಪ್ಪಿನ ಶಾಖ ಕೊಡಬೇಕಾದ್ರೆ ನನ್ ಮಗ ನೋಡ್ಬಿಟ್ಟ. ಅಗುರ ಗುಂಡಾದ್ರೆ ಒದೆಯೋದು ಕಮ್ಮಿ ಅವ್ವಾ, ನಾನೇ ಮಾಡ್ಕೊಡ್ತೀನಿ ಅಂದ. ಚೀಲಕ್ಕೆ ತುಂಬೋನು ಅವನೇ ಅಲ್ವಾ, ಇವ್ರಿಗೆ ಗೊತ್ತೇ ಆಗ್ನಿಲ್ಲ. ಗೊತ್ತಾದ್ರೆ ಬಿಡ್ತಾರಾ? ಅಂದಿಗೆ ಅಗುರದ್ದು ಆಕೋದು ಎಂಗಸ್ರ ಕೆಲಸ ಅಂತಿದ್ರು."

"ಅದಕ್ಕೇ ಅವನು ಈಟಿ ತಗೊಂಡು ಹಿಂದೆ ಹೋಗ್ತಿದ್ನಾ?"

"ಊಂ ಸಾರ್. ಅಗುರದ್ದಕ್ಕೆ ಅಂದಿ ಸಾಯ್ದೆ ತಿರುಗಿ ಬಂದ್ರೆ? ಅಪ್ಪನ ಎಗಲು ಉಳಿಸಾಕೋಗಿ ಅಪ್ಪನ್ನೇ ಕಳ್ಕಂಬಾರ್ದು ಅಂತ, ಇವ್ರು ಓದ ಮೇಲೆ ಇವ್ನೂ ಕದ್ದು ಓಗಿ ಕೂತ್ಕಳೋನು."

ಚಿಕ್ಕಬೈರಪ್ಪ ಮುಖ ತಿರುಗಿಸಿಕೊಂಡ. ನಾನು ಒಲೆಯನ್ನು ನೋಡುತ್ತ ನಿಂತೆ. ಇಂಥ ಮಗನನ್ನು ಯಾರಾದರೂ ಗುರಿಯಿಟ್ಟು ಹೊಡೆಯುತ್ತಾರಾ? ಹೊಡೆದಿದ್ದರು.

"ಚೀಲದಿಂದ ತೆಗೆದ ಭಾರದ ತೋಟೆಗಳು?"

"ಬಟ್ಟೆಗೆ ಗಂಟು ಕಟ್ಟಿ ನನ್ ಕೈಗೆ ಕೊಟ್ಟಿದ್ದ. ಇಟ್ಟಿನ ಡಬ್ಬದಾಗೆ ಇಟ್ಟಿದ್ದೆ. ಗಂಡಸ್ರು ಯಾರೂ ಅಲ್ಲಿ ಕೈ ಆಕಲ್ಲ."

ರಾಗಿ ಹಿಟ್ಟಿನ ಡಬ್ಬದಿಂದ ಗಂಟು ಬಂತು. ಬಿಚ್ಚಿದೆ. ಮೂರು ತೋಟೆ. ಹಳೆಯ ವಿಲಾಯತಿ ಹಿತ್ತಾಳೆ, ತಳದಲ್ಲಿ ಚುಕ್ಕೆಯಿಲ್ಲ.

"ಎಷ್ಟಿದ್ವು ಅಮ್ಮ?"

"ನಾನ್ ಬಿಚ್ಚಿ ನೋಡ್ನಿಲ್ಲ ಸಾರ್. ಇವಾಗಲೇ ನೋಡ್ತಿರೋದು."

ಗಂಟಿನ ಬಟ್ಟೆಯ ಒಳಮೈಗೂ ಹಿಟ್ಟು ಮೆತ್ತಿತ್ತು. ಕಟ್ಟಿದ ಗಂಟಿನೊಳಗೆ ಹಿಟ್ಟು ತಾನಾಗಿ ಹೋಗುವುದಿಲ್ಲ. ಯಾರೋ ಹಿಟ್ಟಿನ ಕೈಯಲ್ಲಿ ಬಿಚ್ಚಿ, ಮತ್ತೆ ಕಟ್ಟಿದ್ದರು.

"ದಿನಾ ಡಬ್ಬದಿಂದ ಹಿಟ್ಟು ತೆಗೆಯೋದು ಯಾರು?"

"ಇವ್ಳೇ, ವೇಣಿ. ನನ್ ಕೈ ನಡುಗ್ತದೆ ಸಾರ್."

ವೇಣಿ ಕ್ಯಾರಿಯರಿನ ಮುಚ್ಚಳ ಹಾಕುತ್ತಿದ್ದಳು. ಮುಚ್ಚಳ ಸರಿಯಾಗಿ ಕೂತಿತ್ತು. ಆದರೂ ಮತ್ತೆ ಮತ್ತೆ ಒತ್ತುತ್ತಿದ್ದಳು.

*

ಸಂಜೆ ಠಾಣೆಯ ಹಿಂದಿನ ಕೋಣೆಯಲ್ಲಿ ಹನುಮಂತಯ್ಯನನ್ನು ಕೂರಿಸಿದೆ. ತಾಯಿ ಮಗಳು ಎದುರಿಗೆ. ಆತ ಅವರ ಮುಖ ನೋಡಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ, ಯಾರಿಗೂ ಕಾಣಬಾರದು ಎನ್ನುವ ಹಾಗೆ.

"ಹನುಮಂತಯ್ಯ, ಇಲ್ಲಿ ನೋಡಿ. ನಿಮ್ಮ ಗುಂಡು ಬಾಲಾಜಿಗೆ ತಾಗಿಲ್ಲ."

"ಸಮಾಧಾನ ಏಳ್ಬೇಡಿ ಸ್ವಾಮಿ."

ನಾನು ಸಮಾಧಾನ ಹೇಳಲಿಲ್ಲ. ಎರಡೂ ಗುಂಡನ್ನು ಆತನ ಮುಂದಿಟ್ಟು, ಕಂಕುಳಿಂದ ಕೈ ತೆಗೆಸಿ, ಒಂದೊಂದು ಅಂಗೈಗೆ ಒಂದೊಂದು ಹಾಕಿದೆ. ಮುದುಕ ಕಣ್ಣು ಮುಚ್ಚಿದ. ಕೈ ತೂಗಿ ನೋಡಿತು. ಎಷ್ಟೋ ವರ್ಷ ತೋಟೆ ಹಿಡಿದ ಕೈ, ನಾನು ಹೇಳುವ ಮೊದಲೇ ಅದಕ್ಕೆ ತಿಳಿಯಿತು.

"ಇದು ಅಗುರ," ಅಂದ.

"ಅದು ನಿಮ್ಮ ಚೀಲದ್ದು. ಎಲ್ಲವೂ ಹಾಗೇ. ನಿಮ್ಮ ಹೆಗಲಿಗೆ ನೋವಾಗಬಾರದು ಅಂತ ಬಾಲಾಜಿ ಮಾಡಿದ್ದು. ಈ ಭಾರದ್ದು ಅವನ ಎದೆಯಲ್ಲಿ ಸಿಕ್ಕಿದ್ದು. ನಿಮ್ಮ ಹಗುರ ಗುಂಡು ಪೊದೆಯಲ್ಲೆಲ್ಲೋ ಹೋಯ್ತು. ಅವನನ್ನ ಕೊಂದದ್ದು ಬೇರೆ ರೈಫಲ್ಲು, ಬೇರೆ ಕೈ."

ಆತ ಬಹಳ ಹೊತ್ತು ಹಗುರ ಗುಂಡಿನ ಮೇಲಿನ ಗೆರೆಗಳನ್ನು ಹೆಬ್ಬೆರಳಿನಿಂದ ಸವರುತ್ತ ಕೂತ.

"ಈಚೆಗೆ ಕೋವಿ ಒದೆಯೋದೇ ಕಮ್ಮಿ ಆಗಿತ್ತು ಸ್ವಾಮಿ. ದೇವ್ರು ಎಗಲ ಮೇಲೆ ಕೈ ಇಟ್ಟವ್ನೆ ಅನ್ಕಂಡಿದ್ದೆ."

ಅಷ್ಟು ಹೇಳಿ ಅತ್ತ. ಭಾನುವಾರದಿಂದ ಅಳದೆ ಇದ್ದವನು ಆ ಗುಂಡನ್ನು ಎದೆಗೆ ಒತ್ತಿಕೊಂಡು, ದನಿ ತೆಗೆದು ಅತ್ತ. ಅನುಸೂಯಮ್ಮ ಹತ್ತಿರ ಸರಿದು ಬೆನ್ನು ನೀವಿದರು. ನಾನು ಪೊಲೀಸು, ಇಂಥದ್ದನ್ನು ನೋಡಿ ಗಟ್ಟಿಯಾಗಿರಬೇಕು. ಆಗಲಿಲ್ಲ, ಕಿಟಕಿ ಕಡೆ ತಿರುಗಿದೆ.

"ಆಲು ತುಪ್ಪಕ್ಕೆ ಬತ್ತೀರಾ?" ಅಂದರು ಅನುಸೂಯಮ್ಮ.

"ಬತ್ತೀನಿ. ನಾನೇ ಬಿಡ್ತೀನಿ. ನನ್ ಕೈಲೇ ಬಿಡ್ತೀನಿ."

ಆಕೆ ತಟ್ಟೆಗೆ ಮುದ್ದೆ ಹಾಕಿ ಸೊಪ್ಪಿನ ಸಾರು ಬಿಟ್ಟರು. ಹನುಮಂತಯ್ಯ ಕೈ ತೊಳೆದು ಮುದ್ದೆ ಮುರಿದ. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದ. ಎರಡನೆಯದು ತಾನೇ ಇಳಿಯಿತು. ಚಿಕ್ಕಬೈರಪ್ಪ ಬಾಗಿಲಲ್ಲಿ ನಿಂತು, ತನ್ನ ಹೊಟ್ಟೆಗೇ ಬಿದ್ದಂತೆ ನಿಟ್ಟುಸಿರು ಬಿಟ್ಟ.

ನಾನು ಆತ ಉಣ್ಣುವವರೆಗೆ ಸುಮ್ಮನಿರಬೇಕಿತ್ತು. ಈ ಖಾಕಿಯ ಚಟ, ಬಾಯಿ ಸುಮ್ಮನಿರುವುದಿಲ್ಲ.

"ಒಂದು ಮಾತ್ರ ಗೊತ್ತಾಗಬೇಕು ಹನುಮಂತಯ್ಯ. ಚೀಲದಿಂದ ತೆಗೆದ ಭಾರದ ತೋಟೆಗಳನ್ನ ನಿಮ್ಮ ಮನೆ ಹಿಟ್ಟಿನ ಡಬ್ಬದಲ್ಲಿ ಇಟ್ಟಿದ್ರು. ಯಾರೋ ಗಂಟು ಬಿಚ್ಚಿ ತೆಗೆದಿದಾರೆ. ಅದೇ ಬಾಲಾಜಿಗೆ ತಾಗಿದ್ದು. ಆ ಡಬ್ಬಕ್ಕೆ ಕೈ ಹಾಕೋರು ಯಾರು?"

ಮೂರನೆಯ ತುತ್ತು ಬಾಯಿಯ ಹತ್ತಿರ ನಿಂತಿತು.

ಆತ ತಲೆ ಎತ್ತಿ ಮಗಳನ್ನು ನೋಡಿದ. ವೇಣಿ ಅಪ್ಪನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಇದ್ದದ್ದನ್ನು ಓದಲು ಯಾರೂ ಶಾಲೆಗೆ ಹೋಗಿರಬೇಕಿರಲಿಲ್ಲ.

ಹನುಮಂತಯ್ಯ ತುತ್ತನ್ನು ತಟ್ಟೆಗೆ ಇಟ್ಟ. ಲೋಟದ ನೀರು ಸುರಿದು, ಮುದ್ದೆಯ ಮೇಲೆಯೇ, ತಟ್ಟೆಯಲ್ಲೇ ಕೈ ತೊಳೆದುಬಿಟ್ಟ.

"ನಾನೇ ಸ್ವಾಮಿ."

"ಏನು ನೀವೇ?"

"ಇಟ್ಟಿನ ಡಬ್ಬದಾಗೆ ತೋಟೆ ಇರೋದು ನಂಗೊತ್ತಿತ್ತು. ಅಂದಿಗೆ ಅಗುರದ್ದು ನಡೆಯಾಕಿಲ್ಲ ಅಂತ ಭಾನುವಾರ ಒಂದು ಭಾರದ್ದು ತಗಂಡೋಗಿ ಕೋವಿಗೆ ಆಕ್ದೆ. ನಾನೇ ಒಡ್ದಿದ್ದು. ಅಂಗೇ ಬರ್ಕಳಿ."

"ಸ್ವಲ್ಪ ಹೊತ್ತಿನ ಹಿಂದೆ ನಿಮ್ಮ ಚೀಲದಲ್ಲಿ ಹಗುರದ್ದು ಇರೋದೇ ಗೊತ್ತಿರಲಿಲ್ಲ ನಿಮಗೆ."

"ಗೊತ್ತಿತ್ತು. ನಾಟಕ ಆಡ್ದೆ." ಹೆಂಡತಿಯ ಕಡೆ ತಿರುಗದೆ ಹೇಳಿದ, "ನಾಳೆ ಆಲು ನೀನೇ ಬಿಟ್ಬಿಡಮ್ಮಿ. ನಂಗೆ ಆ ಯೋಗ್ತೆ ಇಲ್ಲ."

"ಅಯ್ಯೋ, ಇದೇನ್ರೀ ಇದು! ಇವಾಗ್ಲೇ ಬತ್ತೀನಿ ಅಂದ್ರಲ್ಲ? ಇನ್ನೊಂದು ತುತ್ತು ಉಣ್ರೀ..." ಅನುಸೂಯಮ್ಮನಿಗೆ ಏನೂ ಅರ್ಥವಾಗಿರಲಿಲ್ಲ. ನೀರಾದ ತಟ್ಟೆಯಲ್ಲಿ ಮುದ್ದೆ ಕರಗುವುದನ್ನು ನೋಡುತ್ತ, ಅದನ್ನು ಎತ್ತಿ ಒಣಗಿಸಬಹುದೇನೋ ಎನ್ನುವಂತೆ ಕೈ ಚಾಚಿದರು.

ನನ್ನ ಕೈ ಅಂಗಿ ಜೇಬಿನಲ್ಲಿತ್ತು. ಬೆರಳಿಗೆ ಆ ಖಾಲಿ ಕೊಳವೆ, ಅದರ ತಳದ ಎರಡು ಚುಕ್ಕೆ ಸಿಗುತ್ತಿದ್ದವು. ಅದನ್ನು ಹೊರಗೆ ತೆಗೆದರೆ ಸಾಕು, ಆತನ ಸುಳ್ಳು ಅಲ್ಲಿಗೆ ಮುಗಿಯುತ್ತಿತ್ತು. ಭಾನುವಾರ ಆತ ಹಾರಿಸಿದ್ದು ಮಗ ಮಾಡಿಕೊಟ್ಟ ಹಗುರ ಗುಂಡೇ. ಆದರೆ ತೆಗೆದರೆ ಆ ಮನೆಯಲ್ಲಿ ಉಳಿದಿರುವ ಒಂದೇ ಮಗು ನನ್ನ ಎದುರು ನಿಲ್ಲಬೇಕಾಗುತ್ತದೆ. ಅದನ್ನು ಆತ ಒಂದು ತುತ್ತಿನ ಹೊತ್ತಿನಲ್ಲಿ ಲೆಕ್ಕ ಹಾಕಿ ಮುಗಿಸಿದ್ದ. ನನಗೆ ಅಷ್ಟು ಬೇಗ ಆಗಲಿಲ್ಲ, ಕೈ ಜೇಬಿನಲ್ಲೇ ಉಳಿಯಿತು.

ಆಗಲೇ ಮುಂದಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಚಿಕ್ಕಬೈರಪ್ಪ ಹೋದವನು ಓಡಿ ಬಂದ. ನನ್ನ ಕಿವಿಗೆ ಬಾಗಿದ, ಆದರೆ ಅವನಿಗೆ ಪಿಸುಗುಡಲು ಹುಟ್ಟಿದಾಗಿನಿಂದ ಬಂದಿಲ್ಲ.

"ಇರಣ್ಣೋರು ಸಾರ್. ಅಲಮಾರದಾಗೆ ರೈಫಲ್ ಇಲ್ವಂತೆ. ಅಮರೇಶಪ್ಪನೂ ಮಧ್ಯಾಹ್ನದಿಂದ ಮನೆಯಾಗಿಲ್ವಂತೆ."

ವೇಣಿ ಎದ್ದು ನಿಂತಳು. ಗೋಡೆ ಹಿಡಿದುಕೊಂಡಳು.

"ಕೂತ್ಕಳೇ," ಅಂದ ಹನುಮಂತಯ್ಯ. "ನೀನು ಮಾತಾಡ್ಬೇಡ."

"ಅಪ್ಪಾ, ಸಾಕು." ಅವಳು ಅಪ್ಪನನ್ನಲ್ಲ, ನನ್ನನ್ನು ನೋಡಿದಳು. "ಡಬ್ಬದಿಂದ ತೆಗೆದಿದ್ದು ನಾನು ಸಾರ್. ಚೀಲದಲ್ಲಿ ಹಿಡಿಸದೆ ಮಿಕ್ಕಿದ್ದು ಅಂದ್ಕೊಂಡಿದ್ದೆ. ತೋಟೆ ಖಾಲಿ ಆಗಿದೆ, ಹೊಸದು ಮಾಡಿಸೋಕೆ ಮಾದರಿ ಬೇಕು ಅಂದ್ರು ಅಮರೇಶ್. ಪೀಣ್ಯದಲ್ಲಿ ಮಾದರಿ ಇಲ್ದೆ ಯಾರು ಏನು ಮಾಡ್ಕೊಡ್ತಾರೆ, ನಂಬಿದೆ. ನಮ್ಮಣ್ಣನಿಗೆ ಅಂತ ನಂಗೊತ್ತಿರಲಿಲ್ಲ ಸಾರ್, ದೇವರಾಣೆ ಗೊತ್ತಿರಲಿಲ್ಲ."

ಅನುಸೂಯಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಹನುಮಂತಯ್ಯ ಮತ್ತೆ ಎರಡೂ ಕೈಯನ್ನು ಕಂಕುಳಿಗೆ ಸೇರಿಸಿಕೊಂಡು ಗೋಡೆಗೆ ತಿರುಗಿದ.

"ಅಮರೇಶ್ ಎಲ್ಲಿಗೆ ಹೋಗಿದಾರಮ್ಮ? ಬೇಗ ಹೇಳು."

ವೇಣಿ ತಲೆ ಅಲ್ಲಾಡಿಸಿದಳು. ಅಳುತ್ತಿರಲಿಲ್ಲ. ಅಳುವುದಕ್ಕೂ ಹೆದರಿದವಳ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು:

"ನಾನು ಅವರಿಗೆ ಕೊಟ್ಟಿದ್ದು ಒಂದಲ್ಲ ಸಾರ್. ಎರಡು."